ಬಂದವರ ದುಡ್ಡು ಊರಲ್ಲೇ ಉಳಿಯಬೇಕು: ಹಳ್ಳಿ ಪ್ರವಾಸ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರೂ ಪಕ್ಕಕ್ಕೆ ಸರಿದವು. ಮೊದಲು ವಡೆ ತಿನ್ನೋಕೆ, ಕಾಫಿ ಕುಡಿಯೋಕೆ, ಎಳನೀರಿಗೆ ಅಂತ ನಿಲ್ಲುತ್ತಿದ್ದ ಕಾರುಗಳು ಈಗ ಒಂದೇ ಓಟಕ್ಕೆ ಮೈಸೂರು ಸೇರುತ್ತವೆ. ಅಲ್ಲಿಂದ ಕೆಆರ್‌ಎಸ್, ರಂಗನತಿಟ್ಟು, ಸೋಮನಾಥಪುರ ಸುತ್ತಿ ವಾಪಸ್. ಸೋಮನಾಥಪುರದ ಕೇಶವ ದೇವಾಲಯ 1258ರದ್ದು, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಬರುವವರೇನೋ ಬರುತ್ತಾರೆ. ಗೇಟಿನಲ್ಲಿ ಟಿಕೆಟ್, ಹೊರಗೆ ಒಂದು ಎಳನೀರು, ಅಲ್ಲಿಗೆ ಮುಗೀತು. ಊಟ ಮೈಸೂರಿನಲ್ಲಿ, ಮಲಗೋದು ಮೈಸೂರಿನಲ್ಲಿ. ಸುತ್ತಲ ಹಳ್ಳಿಗೆ ಉಳಿಯುವುದು ಧೂಳು ಮತ್ತು ಖಾಲಿ ಬಾಟಲಿ.

ನಾನು ಪಾಂಡವಪುರ ತಾಲ್ಲೂಕಿನ ನಾಲೆ ಬದಿಯ ಹಳ್ಳಿಯವನು. ನಾಲ್ಕು ವರ್ಷದಿಂದ ನಮ್ಮೂರ ಹೆಣ್ಣುಮಕ್ಕಳ ಸಂಘದ ಜೊತೆ ಸೇರಿ, ಪೇಟೆಯವರನ್ನು ಊರಿಗೆ ಕರೆಸಿ, ಒಂದು ದಿನ ಊರು ತೋರಿಸಿ, ಊಟ ಹಾಕಿ ಕಳಿಸುವ ಕೆಲಸ ಮಾಡುತ್ತಿದ್ದೇವೆ. ತಪ್ಪು ಮಾಡಿದ್ದೇವೆ, ತಿದ್ದಿಕೊಂಡಿದ್ದೇವೆ. ನಿಮ್ಮೂರಲ್ಲೂ ಮಾಡಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ. ಇದು ರೆಸಾರ್ಟ್ ಕಟ್ಟುವವರಿಗಲ್ಲ. ನಾಲ್ಕು ಎಕರೆ ಗದ್ದೆ, ಎರಡು ಹಸು, ಒಂದು ತೊಟ್ಟಿ ಮನೆ ಇರುವವರಿಗೆ. ಏನೂ ಇಲ್ಲದೆ ಕೂಲಿ ಮಾಡುವವರಿಗೆ ಇನ್ನೂ ಜಾಸ್ತಿ.

ಮೊದಲ ಹೆಜ್ಜೆ: ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೋಡಿ

ಏನನ್ನೂ ಶುರು ಮಾಡುವ ಮೊದಲು ಒಂದು ಭಾನುವಾರ ನಿಮ್ಮ ಹತ್ತಿರದ ಪ್ರವಾಸಿ ಜಾಗಕ್ಕೆ ಹೋಗಿ ಕೂತುಕೊಳ್ಳಿ. ಬಲಮುರಿಯೋ, ಕರಿಘಟ್ಟವೋ, ಮೇಲುಕೋಟೆಯೋ, ಗಗನಚುಕ್ಕಿಯೋ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಬಂದವರು ಏನೇನಕ್ಕೆ ಖರ್ಚು ಮಾಡಿದರು, ಆ ಅಂಗಡಿ ಯಾರದ್ದು, ಸಾಮಾನು ಎಲ್ಲಿಂದ ಬಂತು, ಬರೆದುಕೊಳ್ಳಿ. ಚುರುಮುರಿ ಮಾರುವ ಅಣ್ಣ ನಿಮ್ಮೂರಿನವನೇ ಇರಬಹುದು, ಆದರೆ ಚಿಪ್ಸು, ಕೂಲ್‌ಡ್ರಿಂಕ್ಸು, ಪ್ಲಾಸ್ಟಿಕ್ ಆಟಿಕೆ ಎಲ್ಲ ಹೊರಗಿನದ್ದೇ. ಎಂಟು ಮೈಲಿ ಆಚೆ ಬೆಲ್ಲ ಕಾಯಿಸುತ್ತಿರುತ್ತಾರೆ, ಇಲ್ಲಿ ಒಂದು ಅಚ್ಚು ಬೆಲ್ಲವೂ ಸಿಗುವುದಿಲ್ಲ. ಇದನ್ನು ಕಣ್ಣಾರೆ ನೋಡಿದರೆ ಮುಂದಿನ ಕೆಲಸ ಏನು ಅಂತ ತಾನಾಗೇ ತಿಳಿಯುತ್ತೆ.

ಹಾಗೆಯೇ ಒಂದು ದಿನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಊರೊಳಗಿನ ಹುಣಸೆ ಮರ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಕೆಳಗೆ ಜನ ಮಾಮೂಲಿಯಾಗಿ ಬಾಳುತ್ತಾರೆ. ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಆ ಊರಿನವರು ಹೇಳುತ್ತಾರೆ. ಹಿಕ್ಕೆ ಗೊಬ್ಬರಕ್ಕೆ ಆಗುತ್ತೆ. ಹುಣಸೆ ಹಣ್ಣು ಬಡಿಯದೆ ಮರ ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿ ಕಲಿಯಬೇಕಾದ್ದು ಒಂದಿದೆ. ಜನ ನೋಡೋಕೆ ಬರುವ ಮುಂಚೆಯೇ ಆ ಊರು ಹಕ್ಕಿಯನ್ನು ತನ್ನದು ಅಂದುಕೊಂಡಿತ್ತು. ನಿಮ್ಮೂರು ಯಾವುದನ್ನು ತನ್ನದು ಅಂದುಕೊಂಡಿದೆ ಅಂತ ಮೊದಲು ಹುಡುಕಿ. ಪ್ರವಾಸಿಗರಿಗೋಸ್ಕರ ಹೊಸದಾಗಿ ಏನನ್ನೋ ಹುಟ್ಟಿಸೋಕೆ ಹೋಗಬೇಡಿ.

ಎರಡನೇ ಹೆಜ್ಜೆ: ಊರನ್ನು ಕೇಳಿ, ನಿಜವಾಗಿ ಕೇಳಿ

ಪಂಚಾಯ್ತಿ ಅಧ್ಯಕ್ಷರ ಹತ್ತಿರ ಮಾತಾಡಿದ್ದೇವೆ, ಆಯ್ತು ಅಂದುಕೊಂಡರೆ ಅಲ್ಲೇ ಎಡವಟ್ಟು. ಅರಳಿ ಕಟ್ಟೆ ಹತ್ತಿರ ಒಂದು ಸಂಜೆ ಎಲ್ಲರನ್ನೂ ಕೂರಿಸಿ. ಹೆಂಗಸರು ಕಟ್ಟೆ ಹತ್ತಿರ ಬಂದು ಬಾಯಿ ಬಿಡುವುದು ಕಷ್ಟ, ಆದ್ದರಿಂದ ಸಂಘದ ವಾರದ ಸಭೆಯಲ್ಲಿ ಅವರನ್ನು ಬೇರೆಯಾಗಿ ಕೇಳಿ. ದಲಿತ ಕೇರಿಗೆ ನೀವೇ ಹೋಗಿ ಕೂತು ಕೇಳಿ, ಅವರನ್ನು ಇಲ್ಲಿಗೆ ಬನ್ನಿ ಅನ್ನಬೇಡಿ. ಹುಡುಗರನ್ನು ಕ್ರಿಕೆಟ್ ಆಡುವ ಜಾಗದಲ್ಲಿ ಹಿಡಿಯಿರಿ.

ಕೇಳಬೇಕಾದ್ದು ಇಷ್ಟೇ. ಗೊತ್ತಿಲ್ಲದವರು ಬಂದು ನಮ್ಮ ಬೀದಿಯಲ್ಲಿ ಓಡಾಡಿದರೆ ನಿಮಗೆ ಪರವಾಗಿಲ್ವಾ? ಯಾವ ಜಾಗಕ್ಕೆ ಬರಬಾರದು? ಯಾವ ದಿನ ಬರಬಾರದು? ಫೋಟೊ ತೆಗೆದರೆ? ಕುಡಿದು ಬಂದರೆ ಏನು ಮಾಡೋಣ? ನಮ್ಮೂರಲ್ಲಿ ಹೆಂಗಸರು ಮೊದಲು ಹೇಳಿದ್ದೇ, ನಾಲೆ ಮೆಟ್ಟಿಲ ಹತ್ತಿರ ಬಟ್ಟೆ ಒಗೆಯುವಾಗ ಯಾರೂ ಕ್ಯಾಮೆರಾ ಹಿಡಿದು ಬರಬಾರದು ಅಂತ. ಗಂಡಸರಿಗೆ ಅದು ತಲೆಗೇ ಹೊಳೆದಿರಲಿಲ್ಲ. ಈಗ ನಮ್ಮ ದಾರಿ ಆ ಮೆಟ್ಟಿಲನ್ನು ಬಿಟ್ಟು ಸುತ್ತಿ ಹೋಗುತ್ತೆ.

ಬೇಡ ಅಂದವರ ಮನೆ ಮುಂದೆ ಗುಂಪು ನಿಲ್ಲಿಸಬೇಡಿ. ಅರ್ಧ ಊರೇ ಬೇಡ ಅಂದರೆ ಬಿಟ್ಟುಬಿಡಿ, ಇನ್ನೊಂದು ವರ್ಷ ಬಿಟ್ಟು ಕೇಳಿ.

ಮೂರನೇ ಹೆಜ್ಜೆ: ಊರಲ್ಲಿ ಏನಿದೆ ಅಂತ ಬರೆಯಿರಿ

ನಮ್ಮ ಕಡೆಯವರ ದೊಡ್ಡ ತೊಂದರೆ ಏನು ಅಂದರೆ, ನಮ್ಮೂರಲ್ಲಿ ಏನಿದೆ ಮಣ್ಣು ಅಂತಲೇ ಮಾತು ಶುರು ಮಾಡುತ್ತೇವೆ. ಇದೆ. ತುಂಬ ಇದೆ. ರಾಗಿ ಕಲ್ಲು ಬೀಸುತ್ತಾ ಪದ ಹೇಳುವ ಅಜ್ಜಿ ಇದ್ದಾರಾ? ಸೋಬಾನೆ ಹಾಡುವವರು? ಪೂಜಾ ಕುಣಿತದ ತಂಡ? ಕೋಲಾಟ? ಹಳ್ಳಿಕಾರ್ ಎತ್ತು ಕಟ್ಟಿರುವವರು, ಬಂಡೂರು ಕುರಿ ಸಾಕಿರುವವರು, ರೇಷ್ಮೆ ಹುಳ ಮೇಯಿಸುವವರು, ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು? ಒಬ್ಬೊಬ್ಬರ ಹೆಸರಿನ ಮುಂದೆ ಯಾವ ತಿಂಗಳು, ಯಾವ ಹೊತ್ತು ಬಿಡುವಿರುತ್ತೆ ಅಂತ ಬರೆಯಿರಿ. ಹೊತ್ತು ಬರೆಯದ ಪಟ್ಟಿ ಕೆಲಸಕ್ಕೆ ಬರಲ್ಲ.

ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಜನ ಇಷ್ಟಪಡುವುದು ಆಲೆಮನೆ. ಅದಕ್ಕೆ ನಾವು ಒಂದು ರೂಪಾಯಿ ಖರ್ಚು ಮಾಡಿಲ್ಲ. ಗಾಣಕ್ಕೆ ಕಬ್ಬು ಕೊಟ್ಟ ಕೂಡಲೇ ಹಾಲು ಸುರಿಯುತ್ತೆ, ರಸ ಅನ್ನಲ್ಲ ನಾವು, ಕಬ್ಬಿನ ಹಾಲು ಅಂತಲೇ ಅನ್ನುವುದು. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯೋಕೆ ಶುರುವಾದರೆ ಸ್ವಲ್ಪ ಸುಣ್ಣ ಹಾಕುತ್ತಾರೆ, ಬೆಂಡೆ ಗಿಡದ ಕಾಂಡ ಜಜ್ಜಿದ ಲೋಳೆ ಬಿಡುತ್ತಾರೆ, ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ಬರುತ್ತೆ, ಅದನ್ನು ಬಳಿದು ತೆಗೆಯುತ್ತಾರೆ. ಆಮೇಲೆ ಕಾಯುವುದೇ ಕೆಲಸ. ಕುದಿಯ ಸದ್ದು ಮೊದಲು ಕೊತಕೊತ ಅಂತಿರುತ್ತೆ, ಪಾಕ ಗಟ್ಟಿಯಾಗುತ್ತಾ ಬಂದಂತೆ ಪುಸ್ ಪುಸ್ ಅನ್ನುತ್ತೆ. ಪಾಕ ಹಾಕುವವರು ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಹದ ನೋಡುತ್ತಾರೆ. ಒಂದು ಕ್ಷಣ ಮುಂಚೆ ಇಳಿಸಿದರೆ ಅಚ್ಚು ನಿಲ್ಲಲ್ಲ, ಒಂದು ಕ್ಷಣ ತಡ ಆದರೆ ಕರಕಲು. ಒಂದು ಟನ್ ಕಬ್ಬಿಗೆ ಸುಮಾರು ನೂರು ಕಿಲೋ ಬೆಲ್ಲ. ಬೆಲ್ಲ ಹೊಂಬಣ್ಣಕ್ಕೆ ಬರಲಿ ಅಂತ ಕೆಲವರು ಕೆಮಿಕಲ್ ಹಾಕುತ್ತಾರೆ, ಹಾಗಾಗಿ ಕಪ್ಪಗಿರುವ ಬೆಲ್ಲ ಕೆಟ್ಟದ್ದಲ್ಲ ಅನ್ನುವುದನ್ನೂ ನಾವು ಬಂದವರಿಗೆ ಬಿಡಿಸಿ ಹೇಳುತ್ತೇವೆ. ಬಿಸಿ ಪಾಕವನ್ನು ಎಲೆ ಮೇಲೆ ಹಾಕಿ ಕೊಟ್ಟರೆ ಪೇಟೆ ಮಕ್ಕಳ ಮುಖ ನೋಡಬೇಕು ನೀವು.

ಇಲ್ಲೊಂದು ಎಚ್ಚರ. ಆಲೆಮನೆ ಅಂದರೆ ಮಾಲೀಕರಿಗೆ ಮಾತ್ರ ದುಡ್ಡು ಕೊಟ್ಟು ಬರಬೇಡಿ. ಬೆಂಕಿ ಮುಂದೆ ನಿಂತಿರುವವರು, ಪಾಕ ಹಾಕುವವರು ಬೇರೆ. ಅವರ ಪಾಲನ್ನು ಅವರ ಕೈಗೇ ಕೊಡಿ. ಗಾಣದಿಂದ ಹತ್ತು ಅಡಿ ದೂರ ಹಗ್ಗ ಕಟ್ಟಿ, ಮಕ್ಕಳ ಕೈ ರೋಲರ್ ಹತ್ತಿರ ಹೋಗಲೇಬಾರದು.

ನಾಲ್ಕನೇ ಹೆಜ್ಜೆ: ಯಾರ ಹೆಸರಿನಲ್ಲಿ ನಡೆಸೋದು

ಒಬ್ಬರ ಹೆಸರಿನಲ್ಲಿ ಶುರುವಾದ ಕೆಲಸ ಕೊನೆಗೆ ಒಬ್ಬರದ್ದೇ ಆಗುತ್ತೆ. ಊರಲ್ಲಿ ಈಗಾಗಲೇ ನಡೆಯುತ್ತಿರುವ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಅವರಿಗೆ ವಾರ ವಾರ ಸೇರಿ ಗೊತ್ತು, ಉಳಿತಾಯ ಬರೆದು ಗೊತ್ತು, ಬ್ಯಾಂಕಿನಲ್ಲಿ ಖಾತೆ ಇರುತ್ತೆ. ಮೊದಲ ವರ್ಷಕ್ಕೆ ಇಷ್ಟು ಸಾಕು. ಕೆಲಸ ಬೆಳೆದ ಮೇಲೆ ಬೇರೆ ಸಂಸ್ಥೆ ಬೇಕು ಅನ್ನಿಸಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ಸಂಘ ಮಾಡಿಕೊಳ್ಳಬಹುದು. ಲಾಭ ಹಂಚಿಕೊಳ್ಳುವ ಉದ್ದೇಶ ಇದ್ದರೆ ಸಹಕಾರ ಸಂಘ ಅಥವಾ ಸೌಹಾರ್ದ ಸಹಕಾರಿ ಸರಿ ಹೊಂದುತ್ತೆ. ನಮ್ಮಲ್ಲಿ ಡೇರಿ ಇಲ್ಲದ ಊರು ಎಲ್ಲಿದೆ ಹೇಳಿ? ದಿನಾ ಬೆಳಗ್ಗೆ ಹಾಲು ಅಳೆದು, ಫ್ಯಾಟ್ ನೋಡಿ, ಬಟವಾಡೆ ತಗೊಂಡು ಅಭ್ಯಾಸ ಇರುವ ಜನಕ್ಕೆ ಸಹಕಾರ ಸಂಘ ಅಂದರೆ ಏನು ಅಂತ ಪಾಠ ಮಾಡಬೇಕಾಗಿಲ್ಲ.

ಸಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು ಇರಲಿ, ಪ್ರತಿ ಕೇರಿಯಿಂದ ಒಬ್ಬರಾದರೂ ಇರಲಿ. ಖಾತೆಗೆ ಇಬ್ಬರ ಸಹಿ ಕಡ್ಡಾಯ, ಆ ಇಬ್ಬರು ಒಂದೇ ಮನೆಯವರಾಗಿರಬಾರದು.

ಐದನೇ ಹೆಜ್ಜೆ: ಊಟಕ್ಕೆ ದುಡ್ಡು ತಗೊಳ್ಳೋದು

ಇದು ಬರೆಯೋಕೆ ಸುಲಭ, ಮಾಡೋಕೆ ಕಷ್ಟ. ಮನೆಗೆ ಬಂದವರಿಗೆ ಊಟ ಹಾಕಿ ದುಡ್ಡು ಕೇಳುವುದು ನಮ್ಮ ಜನಕ್ಕೆ ಬರಲ್ಲ. ಮೊದಲ ಸಲ ನಾವು ಪಕ್ಕದ ಮನೆ ಅಜ್ಜಿಯನ್ನು ಕೇಳಿದಾಗ ಅವರು ನನ್ನ ಮುಖ ನೋಡಿ, "ಹಿಟ್ಟು ಇಕ್ಕಿ ಕಾಸು ಈಸ್ಕಳದಾ? ಬುಡು ಮಗ, ನಾಳೆ ನಮ್ಮ ಹಟ್ಟಿ ಮುಂದೆ ಯಾರು ತಲೆ ಎತ್ಕಂಡು ಹೋದಾರು" ಅಂದುಬಿಟ್ಟರು. ಆ ಅಜ್ಜಿ ವಾರಕ್ಕೆ ಮೂರು ದಿನ ಬೇರೆಯವರ ಹೊಲಕ್ಕೆ ಕಳೆ ತೆಗೆಯೋಕೆ ಹೋಗುತ್ತಿದ್ದರು.

ನಾವು ಕಂಡುಕೊಂಡ ದಾರಿ ಇದು. ಉಂಡವರು ಬಡಿಸಿದವರ ಕೈಗೆ ದುಡ್ಡು ಕೊಡುವ ಹಾಗೇ ಇಲ್ಲ. ಬುಕಿಂಗ್ ಮಾಡುವಾಗಲೇ ಸಂಘದ ಖಾತೆಗೆ ಬರುತ್ತೆ. ವಾರದ ಸಭೆಯಲ್ಲಿ ಅಡುಗೆ ಮಾಡಿದ ಮನೆಗೆ ಕೂಲಿ ಮತ್ತು ಸಾಮಾನಿನ ಬಾಬ್ತು ಅಂತ ಸಂಘ ಕೊಡುತ್ತೆ. ಎಲೆ ಮುಂದೆ ಅತಿಥಿ ಅತಿಥಿಯೇ, ದುಡ್ಡಿನ ಮಾತು ಬರುವುದಿಲ್ಲ. ಅಜ್ಜಿ ಈಗ ಬಸ್ಸಾರು ಮಾಡುತ್ತಾರೆ, ಬಂದವರಿಗೆ ಮುದ್ದೆ ಕೋಲು ಕೊಟ್ಟು ತಿರುವಿ ಅನ್ನುತ್ತಾರೆ, ಮುದ್ದೆ ಅಗಿಯಬಾರದು ನುಂಗಬೇಕು ಅಂತ ಗದರುತ್ತಾರೆ.

ಊಟದ ಪಟ್ಟಿ ದೊಡ್ಡದು ಬೇಡ. ಪನ್ನೀರು, ಗೋಬಿ ಮಂಚೂರಿ ಮಾಡೋಕೆ ಹೋಗಲೇಬೇಡಿ, ಅದನ್ನು ತಿನ್ನೋಕೆ ಯಾರೂ ಇಷ್ಟು ದೂರ ಬರಲ್ಲ. ಮುದ್ದೆ, ಉಪ್ಸಾರು, ಅದಕ್ಕೆ ಖಾರ, ಹುಚ್ಚೆಳ್ಳು ಚಟ್ನಿ, ಅನ್ನ, ಮಜ್ಜಿಗೆ. ಅವರೆ ಕಾಲ ಆದರೆ ಹಿದಕಿದ ಬೇಳೆ ಸಾರು. ಹೇಳಿದವರಿಗೆ ನಾಟಿ ಕೋಳಿ. ಸಿಹಿಗೆ ಒತ್ತು ಶಾವಿಗೆ, ಕಾಯಿ ಹಾಲು. ಸಾಮಾನು ಊರಿನ ಮನೆಗಳಿಂದಲೇ ಕೊಳ್ಳಬೇಕು ಅನ್ನುವುದು ನಿಯಮ. ಸೊಪ್ಪು ಒಬ್ಬರ ಮನೆಯದ್ದು, ಮೊಸರು ಇನ್ನೊಬ್ಬರದ್ದು, ಬಾಳೆ ಎಲೆ ಮತ್ತೊಬ್ಬರದ್ದು. ಪೇಟೆಯಿಂದ ತರುವುದು ಉಪ್ಪು, ಎಣ್ಣೆ, ಕಾಫಿ ಪುಡಿ ಅಷ್ಟೇ. ಕೇರಳದ ಕುಮರಕೊಂನಲ್ಲಿ 2008ರ ಹೊತ್ತಿಗೆ ಶುರುವಾದ ಜವಾಬ್ದಾರಿಯುತ ಪ್ರವಾಸೋದ್ಯಮದ ಕೆಲಸದ ಬೇರೂ ಇದೇ. ಅಲ್ಲಿ ರೆಸಾರ್ಟ್‌ಗಳು ತರಕಾರಿಯನ್ನು ಊರ ಹೆಂಗಸರ ಗುಂಪುಗಳಿಂದ ಕೊಳ್ಳುವ ಹಾಗೆ ಮಾಡಿದರು.

ರೇಟು ಹಾಕುವಾಗ ಹಿಂದಿನಿಂದ ಲೆಕ್ಕ ಹಾಕಿ. ಯಾರಿಗೆ ಎಷ್ಟು ಸಿಗಬೇಕು ಅಂತ ಮೊದಲು ಬರೆದು ಕೂಡಿ, ಬಂದದ್ದೇ ರೇಟು. ಉದಾಹರಣೆಗೆ 10 ಜನರ ಗುಂಪು, ತಲೆಗೆ 1,000 ರೂಪಾಯಿ, ಒಟ್ಟು 10,000 ಅಂದುಕೊಳ್ಳಿ. ತಿಂಡಿ, ಅಡುಗೆ ಮಾಡಿಕೊಟ್ಟ ಮನೆಗಳಿಗೆ 4,000. ದಾರಿ ತೋರಿಸುವ ಇಬ್ಬರಿಗೆ ತಲಾ 700. ಆಲೆಮನೆಯವರಿಗೆ 1,200. ಸೋಬಾನೆ ಹಾಡುವ ಮೂವರಿಗೆ ತಲಾ 300. ಎತ್ತಿನಗಾಡಿಗೆ 800. ಶೌಚಾಲಯ, ಬೀದಿ ಶುಚಿ ಮಾಡುವವರಿಗೆ 500. ಫೋನು, ಪುಸ್ತಕ, ಪ್ರಥಮ ಚಿಕಿತ್ಸೆ ಡಬ್ಬಿ ಅಂತ 200. ಉಳಿದ 1,000 ಊರ ನಿಧಿಗೆ. ನಿಮ್ಮೂರಿನ ಕೂಲಿ ನೋಡಿ ಈ ಅಂಕಿಗಳನ್ನು ಬದಲಾಯಿಸಿಕೊಳ್ಳಿ, ಆದರೆ ಒಬ್ಬರ ಒಂದು ದಿನದ ಕೆಲಸಕ್ಕೆ ಹೊಲದ ಕೂಲಿಗಿಂತ ಕಮ್ಮಿ ಬೀಳುವಂತಿದ್ದರೆ ಆ ರೇಟು ತಪ್ಪು. ಚೌಕಾಸಿ ಮಾಡುವವರಿಗೆ ನಾವು ಈ ಪಟ್ಟಿಯನ್ನೇ ತೋರಿಸುತ್ತೇವೆ. ಯಾರದ್ದು ಕಡಿಮೆ ಮಾಡೋಣ ನೀವೇ ಹೇಳಿ ಅಂದರೆ ಹೆಚ್ಚಿನವರು ಸುಮ್ನಾಗುತ್ತಾರೆ.

ಆರನೇ ಹೆಜ್ಜೆ: ಎಲ್ಲಾ ಕೇರಿಗೂ ದಾರಿ ಹೋಗಬೇಕು

ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತೆ. ನಮ್ಮ ಮೊದಲ ವರ್ಷದ ನಡಿಗೆ ದೇವಸ್ಥಾನದ ಬೀದಿಯಲ್ಲಿ ಶುರುವಾಗಿ, ಗೌಡರ ತೊಟ್ಟಿ ಮನೆಯಲ್ಲಿ ಊಟವಾಗಿ, ಆಲೆಮನೆಯಲ್ಲಿ ಮುಗಿಯುತ್ತಿತ್ತು. ದುಡ್ಡು ಕೂಡ ಅದೇ ದಾರಿಯಲ್ಲಿ ಹೋಗಿ ಅಲ್ಲೇ ನಿಂತಿತು. ತಮಟೆ ಬಾರಿಸೋಕೆ ಕರೆದಿದ್ದೆವು, ಅಡುಗೆಗೆ ಕರೆದಿರಲಿಲ್ಲ. ಇದನ್ನು ಹೇಳಿದ್ದು ತಮಟೆ ತಂಡದ ಹುಡುಗನೇ, ತುಂಬಿದ ಸಭೆಯಲ್ಲಿ: "ನಮ್ಮ ಸದ್ದು ಬೇಕು, ನಮ್ಮ ಸಾರು ಬೇಡ ಅಲ್ವಾ ಅಣ್ಣ?" ಯಾರ ಬಾಯಲ್ಲೂ ಉತ್ತರ ಇರಲಿಲ್ಲ.

ಅವತ್ತಿನಿಂದ ಅಡುಗೆ ಸರದಿಯ ಮೇಲೆ. ಕಲಿತು ತಯಾರಾದ ಮನೆಗಳ ಪಟ್ಟಿ ಇದೆ, ಅದರಲ್ಲಿ ಎಲ್ಲಾ ಕೇರಿಯ ಮನೆಗಳೂ ಇವೆ, ಸಾಲಿನಲ್ಲಿ ಯಾರ ಸರದಿ ಬಂತೋ ಅವರದ್ದೇ ಅಡುಗೆ. ಬುಕಿಂಗ್ ಮಾಡುವವರು ಯಾರ ಮನೆ ಅಂತ ಕೇಳಿದರೆ ಹೇಳುವುದಿಲ್ಲ. ಜಾತಿ ಕೇಳುವವರಿಗೆ ಜಾಗ ಇಲ್ಲ ಅಂತ ನೇರವಾಗಿ ಹೇಳುತ್ತೇವೆ, ಅಂತಹ ಎರಡು ಗುಂಪು ಕೈಬಿಟ್ಟಿದ್ದೂ ಉಂಟು. ಊರೊಳಗೆ ಗೊಣಗಾಟ ಆಯ್ತು, ಎರಡು ಮನೆಯವರು ಸಮಿತಿ ಬಿಟ್ಟರು. ಒಬ್ಬರು ವಾಪಸ್ ಬಂದಿದ್ದಾರೆ. ನಿಮ್ಮೂರಲ್ಲಿ ಇದು ಒಂದೇ ದಿನಕ್ಕೆ ಆಗಲಿಕ್ಕಿಲ್ಲ, ಆದರೆ ಸರದಿ ಪಟ್ಟಿ ಬರೆಯುವ ಮೊದಲ ದಿನವೇ ಎಲ್ಲಾ ಹೆಸರು ಅದರಲ್ಲಿ ಇರಲಿ. ಆಮೇಲೆ ಸೇರಿಸೋಣ ಅಂದದ್ದು ಆಗುವುದೇ ಇಲ್ಲ.

ಏಳನೇ ಹೆಜ್ಜೆ: ಕಾಗದ ಪತ್ರ

ಬೇಗ ಹೇಳಿಬಿಡುತ್ತೇನೆ. ಹಗಲು ಬಂದು ಹೋಗುವ ಪ್ರವಾಸಕ್ಕೆ ಗ್ರಾಮ ಪಂಚಾಯ್ತಿಗೆ ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ, ಪೊಲೀಸ್ ಠಾಣೆಗೂ ಒಂದು ಪ್ರತಿ. ಊಟ ಮಾರುತ್ತೀರಿ ಅಂದಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಸಣ್ಣವರಿಗೆ ಅದು ಸರಳವಾದ ಮೂಲ ನೋಂದಣಿ, ಆನ್‌ಲೈನ್‌ನಲ್ಲೇ ಆಗುತ್ತೆ. ರಾತ್ರಿ ಉಳಿಸಿಕೊಳ್ಳುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ನೋಂದಣಿ ಮಾಡಿಸಿ. ಉಳಿದವರ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆಯಿರಿ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸುವ ಫಾರಂ (ಮೊದಲು ಫಾರಂ ಸಿ ಅನ್ನುತ್ತಿದ್ದರು) ತುಂಬಲೇಬೇಕು, ಇದನ್ನು ಮರೆತು ಸಿಕ್ಕಿಹಾಕಿಕೊಳ್ಳಬೇಡಿ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ತಲೆನೋವಿಲ್ಲ, ಆದರೂ ಒಬ್ಬ ಆಡಿಟರ್‌ನ ಒಮ್ಮೆ ಕೇಳಿ. ಕಾಡಿನೊಳಗೆ ನಡೆಸಿಕೊಂಡು ಹೋಗುವ ಆಸೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ರಾತ್ರಿ ಉಳಿಸಿಕೊಳ್ಳೋದೇ ಬೇಡ. ಹಗಲಿನ ಕೆಲಸ ಕೈಗೆ ಹತ್ತಲಿ.

ಎಂಟನೇ ಹೆಜ್ಜೆ: ಎಷ್ಟು ಜನ ಅಂತ ಗೆರೆ ಎಳೆಯಿರಿ

ನಮ್ಮ ದೊಡ್ಡ ತಪ್ಪು ಇಲ್ಲೇ ಆಗಿದ್ದು. ಪೇಟೆಯ ಒಬ್ಬ ಏಜೆಂಟ್ ಫೋನ್ ಮಾಡಿ, ಒಂದು ಕಂಪನಿಯ 42 ಜನ ಬರುತ್ತಾರೆ, ಊಟಕ್ಕೆ ತಲೆಗೆ 150 ಕೊಡುತ್ತೇವೆ ಅಂದರು. ಕುಣಿದುಬಿಟ್ಟೆವು. ಬಸ್ಸು ಊರೊಳಗೆ ತಿರುಗೋಕೆ ಆಗದೆ ಒಬ್ಬರ ಬೇಲಿ ಮುರೀತು. ಇದ್ದದ್ದು ಎರಡು ಶೌಚಾಲಯ. ಹನ್ನೊಂದು ಗಂಟೆಗೆ ಟ್ಯಾಂಕಿನ ನೀರು ಖಾಲಿ, ಆ ಬೀದಿಯ ಮನೆಗಳಿಗೂ ಅವತ್ತು ನೀರಿಲ್ಲ. ಮುದ್ದೆ ಮಾಡೋಕೆ ಕೂತ ನಾಲ್ಕು ಜನ ಹೆಂಗಸರು ಮಧ್ಯಾಹ್ನ ಮೂರಾದರೂ ಉಂಡಿರಲಿಲ್ಲ. ಆಮೇಲೆ ಬಂದವರಲ್ಲೇ ಒಬ್ಬರು ಮಾತಿಗೆ ಹೇಳಿದರು, ಏಜೆಂಟ್ ಅವರ ಹತ್ತಿರ ತಲೆಗೆ 1,800 ತಗೊಂಡಿದ್ದರಂತೆ. ಅದನ್ನು ಕೇಳಿದಾಗ ಒಲೆ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ ಚಿಕ್ಕಮ್ಮನ ಮುಖ ನೋಡೋಕೆ ನನಗೆ ಆಗಲಿಲ್ಲ.

ಈಗ ನಮ್ಮ ಗೆರೆ 15. ದಿನಕ್ಕೆ ಒಂದೇ ಗುಂಪು, ವಾರಕ್ಕೆ ಎರಡೇ ದಿನ. ನಿಮ್ಮ ಗೆರೆ ಎಷ್ಟು ಅಂತ ತಿಳಿಯೋಕೆ ಶೌಚಾಲಯ ಎಣಿಸಿ, ಏಳೆಂಟು ಜನಕ್ಕೆ ಒಂದಾದರೂ ಇರಬೇಕು. ಬೇಸಿಗೆಯಲ್ಲಿ ಟ್ಯಾಂಕಿಗೆ ನೀರು ಎಷ್ಟು ಹೊತ್ತು ಬರುತ್ತೆ ನೋಡಿ. ಒಂದು ಮನೆಯ ಒಲೆಯಲ್ಲಿ ಒಂದು ಹೊತ್ತಿಗೆ ಎಷ್ಟು ಜನರ ಮುದ್ದೆ ಇಳಿಯುತ್ತೆ ಅಂತ ಅಡುಗೆ ಮಾಡುವವರನ್ನೇ ಕೇಳಿ. ಇವುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಗೆರೆ. ಏಜೆಂಟರ ಜೊತೆ ಕೆಲಸ ಮಾಡಬಾರದು ಅಂತಲ್ಲ. ಅವರು ಎಷ್ಟಕ್ಕೆ ಮಾರುತ್ತಾರೆ ಅಂತ ಬರೆದುಕೊಡಲಿ, ಅದರಲ್ಲಿ ಊರಿಗೆ ಎಷ್ಟು ಅಂತ ಮೊದಲೇ ಮಾತಾಗಲಿ, ಅರ್ಧ ದುಡ್ಡು ಮುಂಗಡವಾಗಿ ಬರಲಿ.

ಒಂಬತ್ತನೇ ಹೆಜ್ಜೆ: ನೀರು, ಹಾವು, ಕಸ

ನಾಲೆ ನೋಡಿದರೆ ಪೇಟೆಯವರಿಗೆ ಇಳಿಯಬೇಕು ಅನ್ನಿಸುತ್ತೆ. ಬಿಡಬೇಡಿ. ವಿಶ್ವೇಶ್ವರಯ್ಯ ನಾಲೆ ಮೇಲೆ ಸುಮ್ಮನೆ ಹರಿದಂತೆ ಕಂಡರೂ ಒಳಗೆ ಸೆಳೆತ ಜಾಸ್ತಿ, ಅಂಚು ಜಾರುತ್ತೆ, ಹಿಡಿದುಕೊಳ್ಳೋಕೆ ಏನೂ ಸಿಗಲ್ಲ. ಕಾವೇರಿಯಲ್ಲೂ ಅಷ್ಟೇ, ಬಲಮುರಿ, ಮುತ್ತತ್ತಿ ಕಡೆ ಎಷ್ಟು ಮನೆ ಮಕ್ಕಳನ್ನು ಕಳೆದುಕೊಂಡಿದ್ದೇವೆ ನಾವು. ರಂಗನತಿಟ್ಟಿನ ಕಡೆ ಮೊಸಳೆಯೂ ಇದೆ. ತೆಪ್ಪದಲ್ಲಿ ಕೂರಿಸುವುದಾದರೆ ಅನುಭವ ಇರುವ ಅಂಬಿಗರೇ ಆಗಿರಬೇಕು, ಎಲ್ಲರಿಗೂ ಲೈಫ್ ಜಾಕೆಟ್, ಹೊಳೆ ತುಂಬಿದಾಗ ಯಾರು ಎಷ್ಟು ಕೊಟ್ಟರೂ ಇಲ್ಲ.

ಕಬ್ಬಿನ ಗದ್ದೆಯೊಳಗೆ ಫೋಟೊಗೆ ಅಂತ ನುಗ್ಗೋದು ಬೇಡ, ಹಾವು ಇರುತ್ತೆ, ಈಗೀಗ ಚಿರತೆಯೂ ಇರುತ್ತೆ. ಹತ್ತಿರದ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕತ್ತಲಾಗುವ ಮುಂಚೆ ನಡಿಗೆ ಮುಗಿಯಲಿ.

ಕಸಕ್ಕೆ ನಮ್ಮ ನಿಯಮ ಒಂದೇ: ತಂದವರು ತಗೊಂಡು ಹೋಗಬೇಕು. ನೀರಿನ ಬಾಟಲಿ ನಾವು ಕೊಡುವುದಿಲ್ಲ, ಕಾಯಿಸಿ ಆರಿಸಿದ ನೀರನ್ನು ತಾಮ್ರದ ಕೊಳದಪ್ಪಲೆಯಲ್ಲಿ ಇಟ್ಟಿರುತ್ತೇವೆ. ಎಲೆ ದನಕ್ಕೆ. ಅಷ್ಟಾದರೂ ಕುರ್‌ಕುರೆ ಕವರ್ ಸಿಗುತ್ತೆ. ಗುಂಪು ಹೊರಡುವ ಮುಂಚೆ ದಾರಿ ತೋರಿಸುವ ಹುಡುಗಿ ಒಂದು ಚೀಲ ಹಿಡಿದು ಎಲ್ಲರ ಮುಂದೆ ಬಂದು ನಿಲ್ಲುತ್ತಾಳೆ, ಮಾತಾಡುವುದಿಲ್ಲ. ಅವರೇ ಹಾಕುತ್ತಾರೆ.

ಹತ್ತನೇ ಹೆಜ್ಜೆ: ಲೆಕ್ಕವನ್ನು ಗಟ್ಟಿಯಾಗಿ ಓದಿ

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದನ್ನೇ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ತಿಂಗಳ ಮೊದಲ ಸೋಮವಾರ ಸಂಜೆ, ಹಾಲು ಹಾಕಿ ಬಂದ ಮೇಲೆ, ಅರಳಿ ಕಟ್ಟೆ ಹತ್ತಿರ ನಮ್ಮ ಲೆಕ್ಕದ ಪುಸ್ತಕವನ್ನು ಒಂದೊಂದು ಸಾಲೂ ಬಿಡದೆ ಗಟ್ಟಿಯಾಗಿ ಓದುತ್ತೇವೆ. ಯಾವ ದಿನ ಎಷ್ಟು ಜನ, ಎಷ್ಟು ಬಂತು, ಯಾರಿಗೆ ಎಷ್ಟು ಹೋಯ್ತು, ಹೆಸರು ಸಮೇತ. ಸಂಘದಲ್ಲಿ ಇಲ್ಲದವರೂ ಬಂದು ಕೂರಬಹುದು. ಓದುವುದು ಪಿಯುಸಿ ಓದುತ್ತಿರುವ ಹುಡುಗಿ, ಪುಸ್ತಕ ಬರೆಯುವವರು ಬೇರೆ. ಬರೆದವರೇ ಓದಬಾರದು.

ಒಂದು ಸಲ ಹೀಗೆ ಓದುವಾಗ ಗಾಡಿ ಹೊಡೆಯುವ ಮಾವ ಎದ್ದು ನಿಂತು, "ಗಾಡಿಗೆ ಎಂಟ್ನೂರು ಅಂತ ಓದ್ದಲ್ಲವ್ವ, ನನ್ ಕೈಗೆ ಬಂದಿದ್ದು ಆರ್ನೂರೇ ಕನವ್ವ" ಅಂದರು. ಗದ್ದಲ ಶುರುವಾಯ್ತು. ಹಿಂದಿನ ಪುಟ ತಿರುಗಿಸಿದರೆ, ಅವರು ಹುಲ್ಲಿಗೆ ಅಂತ 200 ಮುಂಗಡ ತಗೊಂಡಿದ್ದು, ಅದನ್ನು ಮುರಿದುಕೊಂಡಿದ್ದು. ಅವರೇ ಮರೆತಿದ್ದರು. ಎರಡು ನಿಮಿಷದ ಮಾತು. ಇದು ಕಟ್ಟೆ ಹತ್ತಿರ ಆಗದೆ ಯಾರದ್ದೋ ಜಗಲಿಯಲ್ಲಿ ಆಗಿದ್ದರೆ ಎರಡು ವರ್ಷದ ಜಗಳ ಆಗುತ್ತಿತ್ತು. ಅವತ್ತಿನಿಂದ ಮುಂಗಡಕ್ಕೆ ಬೇರೆ ಕಾಲಂ ಹಾಕಿದ್ದೇವೆ.

ಊರ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತಲೂ ಅಲ್ಲೇ ಕೈ ಎತ್ತಿಸಿ ತೀರ್ಮಾನ. ಮೊದಲ ವರ್ಷ ಶಾಲೆ ಶೌಚಾಲಯಕ್ಕೆ ಬಾಗಿಲು ಹಾಕಿಸಿದೆವು. ಎರಡನೇ ವರ್ಷ ದೇವಸ್ಥಾನಕ್ಕೆ ಬಣ್ಣ ಅಂತ ಗಂಡಸರು, ಬಸ್‌ಸ್ಟ್ಯಾಂಡಿಗೆ ದೀಪ ಅಂತ ಹೆಂಗಸರು. ದೀಪ ಗೆದ್ದಿತು.

ಜನಕ್ಕೆ ತಿಳಿಸೋದು ಹೇಗೆ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಐದು ಗುಂಪು ಗೊತ್ತಿದ್ದವರೇ ಆಗಿರಲಿ, ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮೂರ ಮಕ್ಕಳು, ಅವರ ಆಫೀಸಿನವರು, ಮೈಸೂರಿನ ಕಾಲೇಜುಗಳು. ವಾಟ್ಸ್ಆ್ಯಪ್ ಬಿಸಿನೆಸ್ ನಂಬರ್ ಒಂದು, ಗೂಗಲ್ ಮ್ಯಾಪ್‌ನಲ್ಲಿ ಜಾಗ ಗುರುತು, ಇನ್‌ಸ್ಟಾಗ್ರಾಮ್‌ಗೆ ಊರ ಹುಡುಗ ಹುಡುಗಿಯರು ತೆಗೆದ ಫೋಟೊ. ನಂಬರ್ ಒಬ್ಬರ ಸ್ವಂತದ್ದಾಗಿರಬಾರದು, ಸಂಘದ ಸಿಮ್ ಆಗಿರಲಿ. ಅಡುಗೆ ಮಾಡುವವರ ಫೋಟೊ ಹಾಕುವ ಮುಂಚೆ ಅವರಿಗೆ ತೋರಿಸಿ ಕೇಳಿ. ಬರುವವರಿಗೆ ಮೊದಲೇ ಕಳಿಸುವ ಸಂದೇಶದಲ್ಲಿ ಬಟ್ಟೆ, ಕುಡಿತ, ಫೋಟೊ, ನಾಲೆ, ಈ ನಾಲ್ಕರ ಬಗ್ಗೆ ನೇರವಾಗಿ ಬರೆಯಿರಿ. ಮಕ್ಕಳಿಗೆ ಚಾಕೊಲೇಟ್, ದುಡ್ಡು ಹಂಚಬೇಡಿ ಅಂತಲೂ ಬರೆಯಿರಿ. ಎರಡು ವಾರ ಹಂಚಿದರೆ ಸಾಕು, ಮೂರನೇ ವಾರ ಮಕ್ಕಳು ಸ್ಕೂಲು ಬಿಟ್ಟು ಕಾರಿನ ಹಿಂದೆ ಓಡುತ್ತವೆ.

ಯಾವಾಗ ಬಾಗಿಲು ಹಾಕಬೇಕು

ವರ್ಷದ ಪಟ್ಟಿಯನ್ನು ಬೆಳೆ ನೋಡಿ ಮಾಡಿ, ಶಾಲೆ ರಜೆ ನೋಡಿ ಅಲ್ಲ. ನಾಲೆಗೆ ನೀರು ಬಿಟ್ಟು ಜುಲೈ, ಆಗಸ್ಟ್‌ನಲ್ಲಿ ನಾಟಿ ಶುರುವಾದರೆ ನಮ್ಮ ಹೆಂಗಸರು ಬೆಳಗ್ಗೆಯಿಂದ ಸಂಜೆವರೆಗೆ ಗದ್ದೆಯಲ್ಲಿರುತ್ತಾರೆ, ಆಗ ಅತಿಥಿಗೆ ಅಂತ ಅವರನ್ನು ಮನೆಯಲ್ಲಿ ಕೂರಿಸುವುದು ತಪ್ಪು. ಮೂರು ವಾರ ಬುಕಿಂಗ್ ಇಲ್ಲ. ನವೆಂಬರ್, ಡಿಸೆಂಬರ್‌ನ ಕೊಯ್ಲಿನಲ್ಲೂ ಎರಡು ವಾರ ಇಲ್ಲ. ದಸರಾ ಹೊತ್ತಿಗೆ ಮೈಸೂರು ತುಂಬಿ ಜನ ನಮ್ಮ ಕಡೆಗೂ ಬರುತ್ತಾರೆ, ಆಗ 15ರ ಗೆರೆ ದಾಟಿಸಿ ಅಂತ ಒತ್ತಾಯ ಬರುತ್ತೆ, ದಾಟಿಸುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ನಮಗೆ ಒಳ್ಳೆಯ ಕಾಲ, ಅವರೆಕಾಯಿ, ಆಲೆಮನೆ, ತಣ್ಣನೆ ಬೆಳಗು. ಏಪ್ರಿಲ್, ಮೇನಲ್ಲಿ ನೀರಿಲ್ಲ, ಪೂರ್ತಿ ರಜೆ. ಆ ಎರಡು ತಿಂಗಳಲ್ಲಿ ಹಪ್ಪಳ, ಸಂಡಿಗೆ, ಹುಚ್ಚೆಳ್ಳು ಪುಡಿ ಮಾಡಿ ಹಳೆಯ ಅತಿಥಿಗಳಿಗೆ ಕಳಿಸುತ್ತೇವೆ, ಅದರ ಲೆಕ್ಕ ಬೇರೆ ಪುಸ್ತಕದಲ್ಲಿ.

ಸಂಕ್ರಾಂತಿ ದಿನ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬೇಕು ಅಂತ ತುಂಬ ಜನ ಕೇಳುತ್ತಾರೆ. ಮೊದಲೆರಡು ವರ್ಷ ಕರೆದೆವು. ಕ್ಯಾಮೆರಾ ಬೆಳಕಿಗೆ ಒಂದು ಹೋರಿ ಬೆದರಿ ಜನರ ಮೇಲೆ ತಿರುಗಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮುಂದಿನ ಸೋಮವಾರದ ಸಭೆಯಲ್ಲಿ ಹತ್ತು ನಿಮಿಷ ಮಾತಾಡಿ, ಕಿಚ್ಚಿನ ದಿನ ಊರಿನವರಿಗೆ ಮಾತ್ರ ಅಂತ ಬರೆದುಕೊಂಡೆವು. ಮಾರನೇ ದಿನ ಬನ್ನಿ, ಎಳ್ಳು ಬೆಲ್ಲ ಕೊಡುತ್ತೇವೆ, ಬಣ್ಣ ಹಚ್ಚಿದ ಕೊಂಬು ಇನ್ನೂ ಹಾಗೇ ಇರುತ್ತೆ ಅಂತ ಕೇಳಿದವರಿಗೆಲ್ಲ ಹೇಳುತ್ತೇವೆ.